ಖಾಲಾನ ಪಾಲಿನ ಹೋತ

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಅಡುಗೆಮನೆಯಲ್ಲಿ ಮೊಟ್ಟೆಯ ಹೆಸರು ಎತ್ತುವಂತಿಲ್ಲ, ಆದರೆ ಹಿತ್ತಲಲ್ಲಿ ಆಡು ಕಟ್ಟಬಹುದು. ಇದೆಂಥ ನೇಮ ಅಂತ ಮದುವೆಯಾಗಿ ಬಂದ ಹೊಸದರಲ್ಲಿ ನಕ್ಕಿದ್ದೆ. ಅತ್ತೆ ನಗಲಿಲ್ಲ. "ಸಾಕೂದಷ್ಟ ನಮ್ಮ ಕೆಲಸ. ಮಾರಿದ ಮ್ಯಾಲ ಅದು ಏನಾತು ಅಂತ ಕೇಳಬಾರದು" ಅಂದಿದ್ದರು. ಹಾವು ಸಾಯಬೇಕು, ಕೋಲು ಮುರಿಯಬಾರದು. ನಾನೂ ಬೇಗ ಕಲಿತೆ. ಚೌಡಾಪುರದ ಹತ್ತಿರದ ನಮ್ಮ ಊರಲ್ಲಿ ಹೆಂಗಸಿನ ಕೈಗೆ ತನ್ನದು ಅಂತ ನಾಲ್ಕು ಕಾಸು ಬರುವುದು ಆಡಿನ ಮರಿಯಿಂದಲೇ. ಮಕ್ಕಳ ನೋಟ್‌ಬುಕ್ಕು, ಗ್ಯಾಸ್ ಸಿಲಿಂಡರು, ನನ್ನ ಮೊಬೈಲಿನ ರೀಚಾರ್ಜು, ಎಲ್ಲ ಅದರಿಂದಲೇ ಸಾಗುತ್ತಿತ್ತು.

ಆಡು ನನ್ನದಲ್ಲ, ಪಕ್ಕದ ಮನೆಯ ಮುಸಲ್ಮಾನ ಹೆಂಗಸಿನದು; ಚಿಕ್ಕಮ್ಮ ಅನ್ನುವ ಹಾಗೆ ಅವಳನ್ನು ಖಾಲಾ ಅನ್ನುತ್ತಿದ್ದೆ. ಅವಳ ಮನೆಗೆ ಹಿತ್ತಲಿಲ್ಲ, ಮೊಣಕಾಲಲ್ಲಿ ಶಕ್ತಿಯೂ ಇರಲಿಲ್ಲ. ಹಾಗಾಗಿ ನನಗೆ ಪಾಲಿಗೆ ಕೊಟ್ಟಿದ್ದಳು. ಆಡು ಅವಳದು, ಮೇವು ಮತ್ತು ಕಾವಲು ನನ್ನದು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ತೊಗರಿ ಹೊಟ್ಟು, ಬೇವಿನ ಸೊಪ್ಪು, ಜಾಲಿಕಾಯಿ ಹಾಕಿ ಸಾಕಿದೆ. ಐದಾರು ವರ್ಷ ನಮ್ಮ ನಡುವೆ ಒಂದು ಸಣ್ಣ ತಕರಾರೂ ಬರಲಿಲ್ಲ.

ಅವಳ ಗಂಡ ತೀರಿಕೊಂಡ ವರ್ಷ ಆಡು ಎರಡು ಮರಿ ಹಾಕಿತು. ಹೆಣ್ಣು ನನ್ನ ಪಾಲಿಗೆ, ಗಂಡು ಅವಳ ಪಾಲಿಗೆ. "ಈ ಹೋತ ಮಾರೂದಿಲ್ಲಬೇ, ಇಟ್ಕೋತೇನಿ. ಯಾಕಂದ್ರ..." ಅಂತ ಏನೋ ಹೇಳಲು ಹೊರಟಳು. ಮುಂದಿನದು ನನ್ನ ಕಿವಿಗೆ ಬೀಳುವುದು ಬೇಡವಾಗಿತ್ತು. "ಇರ್ಲಿ ಬಿಡ್ರಿ ಖಾಲಾ, ನಿಮ್ಮ ಪಾಲು, ನಿಮ್ಮ ಮರ್ಜಿ" ಅಂತ ಮಾತು ತುಂಡರಿಸಿದೆ.

ಮುಂದಿನ ವರ್ಷ ಅವಳು ಮಗಳ ಬಾಣಂತನಕ್ಕೆ ಯಡ್ರಾಮಿಗೆ ಹೋದಳು. ಊರ ಆಡುಗಳೆಲ್ಲ ಒಂದೇ ಹಿಂಡಾಗಿ ಮೇಯಲು ಹೋಗುತ್ತವೆ. ಒಂದು ಸಂಜೆ ಆ ಕರಿ ಹೋತ ಬೇರೆಯವರ ಮನೆ ಸೇರಿತು, ಅವರು ತಮ್ಮದೇ ಅಂತ ಹಟ ಹಿಡಿದರು. ಓಣಿ ತುಂಬ ಬಾಯಿ ಮಾಡಿ ಬಿಡಿಸಿಕೊಂಡು ಬಂದೆ. ಪರರ ಪಾಲು ನನ್ನ ಕೈಯಲ್ಲಿ ಕಳೆದುಹೋದರೆ ಏನು ಗತಿ? ಕೆಲವರು ತಮ್ಮ ಆಡುಗಳ ಕಿವಿಗೆ ಕಚ್ಚು ಹಾಕಿ ಗುರುತು ಮಾಡುತ್ತಾರೆ. ನಾನೂ ಕುಡಗೋಲು ತಂದೆ. ಅಂಚಿನಲ್ಲಿ ಬೆರಳಿನ ಉಗುರಿನಷ್ಟು ಕತ್ತರಿಸಿದರೆ ಸಾಕಿತ್ತು. ಹೋತ ತಲೆ ಒದರಿತು, ಕುಡಗೋಲು ಜಾರಿತು, ಅರ್ಧ ಕಿವಿಯೇ ಹೋಯಿತು. ಅರಿಶಿಣ ಮೆತ್ತಿದೆ. ಗಾಯ ಒಣಗಿದ ಮೇಲೆ, ಇನ್ನು ಯಾರೂ ಇದನ್ನು ತಮ್ಮದು ಅನ್ನಲಾರರು ಅಂತ ಒಳಗೊಳಗೇ ಬೀಗಿದೆ ಕೂಡ.

ಖಾಲಾ ಬಂದವಳೇ ಮನೆಯ ಬೀಗ ತೆಗೆಯುವ ಮೊದಲು ನಮ್ಮ ಹಿತ್ತಲಿಗೆ ಬಂದಳು. ಹೋತದ ಬೆನ್ನು ಸವರಿದಳು, ಹಲ್ಲು ನೋಡಿದಳು. ಕೈ ಕಿವಿಯ ಹತ್ತಿರ ನಿಂತಿತು.

"ಯಾರು ಮಾಡಿದ್ರುಬೇ ಇದನ್ನ?"

"ನಾನೇ ಖಾಲಾ. ಗುರುತಿಗಂತ."

ಅವಳು ಅಲ್ಲೇ ಹಿಕ್ಕೆಯ ನಡುವೆ ಕುಳಿತುಬಿಟ್ಟಳು. "ಕಿವಿ ಹ್ವಾದದ್ದು ಬಕ್ರೀದಿಗೆ ನಡಿಯಂಗಿಲ್ಲವ್ವ. ಊನ ಇರಬಾರದು. ನಿಮ್ಮ ಕಾಕಾನ ಹೆಸರಿಗೆ ಕುರ್ಬಾನಿ ಕೊಡಬೇಕಂತ ಇಟ್ಟಿದ್ದೆ."

ಅವಳ ಗಂಡ, ನಾನು ಕಾಕಾ ಅನ್ನುತ್ತಿದ್ದವನು, ಹತ್ತಿ ಬಡಿದು ಗಾದಿ ಹೊಲಿದು ಜೀವನ ತೆಗೆದವನು. "ಹುಟ್ಟಿದಾಗಿಂದ ಬಕ್ರೀದಿಗೆ ಮಂದಿ ಕಳಿಸಿದ ಮಾಂಸದ ಹಿಸ್ಸಾ ತಿಂದ್ರು. ಒಮ್ಮಿಯಾದ್ರೂ ನಮ್ಮ ಮನಿಯಿಂದ ಮಂದಿ ಮನಿಗೆ ಹಿಸ್ಸಾ ಹೋಗಬೇಕು ಅಂತಿದ್ರು" ಅಂದಳು.

"ಮೊದಲೇ ಹೇಳಬಾರದಿತ್ತೇನ್ರಿ ಖಾಲಾ?"

"ಹೇಳಾಕ ಬಂದಿದ್ದೆ" ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೋತವನ್ನು ಅಫಜಲಪುರದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದೆವು. ಅರ್ಧ ಕಿವಿಯದಕ್ಕೆ ಬಂದ ರೊಕ್ಕದಲ್ಲಿ ಬಕ್ರೀದಿನ ಹೋತ ಬರುವಂತಿರಲಿಲ್ಲ. ನನ್ನ ಪಾಲಿನದನ್ನೂ ಮಾರಿ ಕೊಡುತ್ತೇನೆಂದರೆ ಅವಳು ಒಪ್ಪಲಿಲ್ಲ. ಆ ಹಬ್ಬದ ದಿನ ಅವಳ ಮನೆಗೆ ಮತ್ತೆ ಬೇರೆಯವರ ಹಿಸ್ಸಾ ಬಂತು. ನಾನು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕುಳಿತಿದ್ದೆ. ನಾಚಿಕೆಯಿಂದ ಸಾಯುವಂತಾಗಿತ್ತು.

ಅದೇ ಬೇಸಿಗೆಯಲ್ಲಿ ಆಡು ಒಂದು ಗಂಡು ಮರಿ ಹಾಕಿತ್ತು. "ಇದು ಪೂರ್ತಿ ನಿಮ್ಮದು" ಅಂದೆ. ಈ ಸಲ ಎಲ್ಲ ಕೇಳಿಕೊಂಡೆ. ವಯಸ್ಸು ಎಷ್ಟಾಗಬೇಕು, ಕೊಂಬು ಮುರಿದರೆ ಹೇಗೆ, ಕುಂಟಿದರೆ ಹೇಗೆ. ಕುರ್ಬಾನಿಯ ಕಾನೂನು ಸೊಸೆಗೆ ಬಾಯಿಪಾಠವಾದದ್ದು ಕಂಡು ಅತ್ತೆ ಮುಖ ತಿರುಗಿಸಿದರು. ತಿರುಗಿಸಿಕೊಳ್ಳಲಿ ಅಂದುಕೊಂಡೆ. ಅದನ್ನು ಹಿಂಡಿಗೆ ಬಿಡದೆ ನಾನೇ ಬದುವಿನಲ್ಲಿ ಮೇಯಿಸಿದೆ. ಖಾಲಾ ದಿನಾ ಮುಂಜಾನೆ ಬಂದು ಅದರ ಎರಡೂ ಕಿವಿ ಹಿಡಿದು, "ಅದಾವಬೇ, ಎರಡೂ ಅದಾವ" ಅಂತ ನನ್ನನ್ನು ಕಾಡುತ್ತಿದ್ದಳು. ಅವಳು ನಕ್ಕರೆ ನನ್ನ ಎದೆ ಹಗುರಾಗುತ್ತಿತ್ತು.

ಬಕ್ರೀದಿಗೆ ಎರಡು ತಿಂಗಳಿರುವಾಗ ಖಾಲಾ ಜ್ವರ ಬಂದು ಮಲಗಿದಳು. ಮತ್ತೆ ಏಳಲಿಲ್ಲ.

ಹಬ್ಬದ ಹಿಂದಿನ ವಾರ ಹೋತವನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಯಡ್ರಾಮಿಗೆ ಹೋದೆ. ಮಗಳು ಹಗ್ಗ ಕೈಗೆ ತೆಗೆದುಕೊಂಡು ಅತ್ತಳು, ನಾನೂ ಅತ್ತೆ. ಆಮೇಲೆ ಅವಳು ಕೇಳಿದಳು: "ಅಕ್ಕಾರ, ಒಂದು ಹೋತ ಒಬ್ಬರ ಹೆಸರಿಗಷ್ಟ ಆಗ್ತದರಿ. ಇನ್ನೊಂದು ತರೂ ತಾಕತ್ತು ನಮಗಿಲ್ಲ. ಅಬ್ಬಾನ ಹೆಸರಿಗೆ ಮಾಡ್ಲೋ, ಅಮ್ಮೀ ಹೆಸರಿಗೆ ಮಾಡ್ಲೋ? ನೀವೇ ಹೇಳ್ರಿ."

"ಅಬ್ಬಾನ ಹೆಸರಿಗೇ ಮಾಡವ್ವ" ಅಂದೆ. "ನಿಮ್ಮ ಅಮ್ಮೀ ಆಸೆ ಅದೇ ಇತ್ತು."

ಅವಳು ತಲೆಯಾಡಿಸಿ ಹೋತವನ್ನು ಗೂಟಕ್ಕೆ ಕಟ್ಟಿದಳು. ನಾನು ಆ ಮೊದಲನೆಯದರ ಕಿವಿ ಮುಟ್ಟದೆ ಇದ್ದಿದ್ದರೆ ಕಾಕಾನದು ಹೋದ ವರ್ಷವೇ ಮುಗಿದಿರುತ್ತಿತ್ತು. ಇದು ಖಾಲಾನ ಹೆಸರಿಗೆ ಆಗುತ್ತಿತ್ತು.