ಒಬ್ಬಳೇ ಮಾಡುವ ಅನುಮತಿ

ತೊಂಬತ್ತರ ದಶಕದ ಕೊನೆ. ಹೆರಿಗೆ ಡಾಕ್ಟರಾಗಿ ಓದು ಮುಗಿಸಿ ದಾವಣಗೆರೆಯ ಒಂದು ಆಸ್ಪತ್ರೆಗೆ ಸೇರಿದ್ದೆ. ಹರಿಹರದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಡಿಗ್ರಿ ಇದ್ದರೆ ಮುಗೀತು, ಆಪರೇಷನ್ ಮಾಡಬಹುದು ಅಂದುಕೊಂಡಿದ್ದೆ. ಅಲ್ಲಿ ಹಾಗಿರಲಿಲ್ಲ. ಯಾವ ಡಾಕ್ಟರು ಯಾವ ಆಪರೇಷನ್ನನ್ನು ಒಬ್ಬರೇ ಮಾಡಬಹುದು ಎಂದು ಹಿರಿಯ ಡಾಕ್ಟರುಗಳ ಕಮಿಟಿಯೊಂದು ತೀರ್ಮಾನಿಸುತ್ತಿತ್ತು. ಅವರು ಒಪ್ಪುವ ತನಕ ಟೇಬಲ್ಲಿನ ಆಚೆ ಬದಿಗೆ ಹಿರಿಯರೊಬ್ಬರು ಗ್ಲೌಸ್ ಹಾಕಿಕೊಂಡು ನಿಲ್ಲಲೇಬೇಕು. ನನ್ನ ಪಾಲಿಗೆ ನಿಂತವರು ಹೆರಿಗೆ ವಿಭಾಗದ ಮುಖ್ಯಸ್ಥೆ, ನಮ್ಮ ಮೇಡಂ.

ನನಗೋ ಮೂಗಿನ ತುದಿಯಲ್ಲೇ ಕೋಪ. ಹೊಲಿಗೆ ಹಾಕುವಾಗ ಅವರು ನರ್ಸುಗಳ ಎದುರೇ, "ಏ ಹುಡುಗಿ, ಬಸ್ ಹಿಡಿಯೋಕೆ ಹೊಂಟೀಯೇನು? ನಿಧಾನ" ಅಂದರೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ಹೊತ್ತಿಗೆ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. "ನೀನೇ ಮಾಡ್ಸಬೇಕಕ್ಕ, ಬೇರೆ ಯಾರೂ ಬ್ಯಾಡ" ಎಂದು ಹಟ. ಸಿಸೇರಿಯನ್ ಆಗಬೇಕಾಗಿ ಬಂದರೆ ಒಬ್ಬಳೇ ಮಾಡಲು ನನಗೆ ಅನುಮತಿಯಿಲ್ಲ ಎನ್ನಲು ನಾಚಿಕೆ. ಕೊನೆಗೆ ಹೇಳಿದೆ. ಜವಳಿ ಅಂಗಡಿಯ ನಮ್ಮಪ್ಪ ನಕ್ಕುಬಿಟ್ಟರು. "ಇಷ್ಟೇ ತಾನೆ? ಆ ಮೇಡಂ ನಮ್ಮ ಬೀಗರ ಪೈಕಿ. ಒಂದ್ ಮಾತು ಹೇಳಿದ್ರೆ ಆತು." ನಮ್ಮ ಕಡೆ ಕಾಲೇಜು ಸೀಟಿನಿಂದ ಹಿಡಿದು ಮದುವೆ ಛತ್ರದ ತನಕ ಕೆಲಸ ಆಗುವುದೇ ಹಾಗೆ. ಬೇಡವೆಂದರೂ ಕೇಳದೆ ಹಣ್ಣಿನ ಬುಟ್ಟಿ ಹಿಡಿದು, ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಹೋದರು. ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬರ್ರಿ, ಕೂಡ್ರಿ" ಎಂದು ಮೇಡಂ ಮರ್ಯಾದೆಯಿಂದಲೇ ಕೂರಿಸಿದರು. ಅಪ್ಪ ಬೀಗತನವನ್ನೆಲ್ಲ ಬಿಡಿಸಿ ಹೇಳಿ, "ನಮ್ಮ ಹುಡುಗೀಗೆ ಪರ್ಮಿಷನ್ ಕೊಡಿಸ್ರಿ" ಅಂದರು.

ಮೇಡಂ ಕೇಳಿದರು: "ಎದೆ ಮುಟ್ಕೊಂಡು ಹೇಳ್ರಿ. ಸಣ್ಣ ಮಗಳಿಗೆ ಆಪರೇಷನ್ ಆಗೋವಾಗ ದೊಡ್ಡಾಕಿ ಒಬ್ಬಳೇ ಇದ್ರೆ ನಿಮಗೆ ಧೈರ್ಯ ಐತೇನ್ರಿ?"

ಅಪ್ಪ ನನ್ನ ಮುಖ ನೋಡಿದರು. ವ್ಯಾಪಾರದಲ್ಲಿ ಮಾತಿಗೆ ಎಂದೂ ತಡವರಿಸದ ಮನುಷ್ಯ. "ನೀವೂ ಜೊತೆಗಿದ್ರೆ ಒಳ್ಳೇದ್ರಿ" ಅಂದರು.

"ಹದಡಿ, ಲೋಕಿಕೆರೆಯಂಥ ಹಳ್ಳಿಯಿಂದ ಬರೋ ಹೆಣ್ಮಕ್ಕಳಿಗೂ ಅಪ್ಪ ಇರ್ತಾನಲ್ರಿ" ಅಂದ ಮೇಡಂ, ಕಾಫಿ ಕುಡಿಸಿ, ಬುಟ್ಟಿಯನ್ನು ವಾಪಸು ಕೈಗಿತ್ತು ಕಳಿಸಿದರು. ಹರಿಹರದ ಬಸ್ಸಿನಲ್ಲಿ ನಾನು ಅಪ್ಪನನ್ನು ಬಿಟ್ಟು ಹಿಂದಿನ ಸೀಟಿನಲ್ಲಿ ಕೂತೆ.

ಮೇಡಂ ಮಾತ್ರ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲ. ತಾವು ಮಾಡಬೇಕಾದ ಕೇಸುಗಳನ್ನೂ ನನ್ನ ಕೈಗೆ ಬಿಟ್ಟು, ಎದುರು ನಿಂತು, ಬೈಯುತ್ತ ಬೈಯುತ್ತಲೇ ಕಲಿಸಿದರು. ರಕ್ತ ನಿಲ್ಲದಾಗ ಗಾಬರಿಬೀಳದೆ ಎಲ್ಲಿ ಒತ್ತಿ ಹಿಡಿಯಬೇಕು ಎನ್ನುವುದನ್ನು ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ತೋರಿಸಿದರು. ಇವತ್ತು ನನ್ನ ಕೈಯಲ್ಲಿ ಏನಾದರೂ ನಿಧಾನ ಇದ್ದರೆ ಅದು ಅವರದು. ಆ ಪುಣ್ಯಾತ್ಗಿತ್ತಿಯ ಋಣ ತೀರುವಂಥದ್ದಲ್ಲ.

ತಂಗಿಗೆ ನೋವು ಶುರುವಾದ ದಿನ ಮಗುವಿನ ಎದೆಬಡಿತ ಇಳಿಯತೊಡಗಿತು. ಸಿಸೇರಿಯನ್ ಮಾಡದೆ ಗತಿಯಿರಲಿಲ್ಲ. ಕೈ ತೊಳೆದು ಥಿಯೇಟರಿಗೆ ಬಂದು ನೋಡಿದರೆ ಮೇಡಂ ಗ್ಲೌಸನ್ನೇ ಹಾಕಿರಲಿಲ್ಲ.

"ಕಮಿಟಿಯವರು ಒಪ್ಪ್ಯಾರೆ. ನಾನು ಹೊರಗೆ ಕುಂತಿರ್ತೀನಿ, ಬೇಕಾದ್ರೆ ಕರಿ" ಅಂದವರೇ ಹೊರಟುಬಿಟ್ಟರು.

ಹೊರಗೆ ನಡೆದದ್ದನ್ನು ಅಪ್ಪ ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಮೇಡಂ ಬಾಗಿಲು ತೆಗೆದು ಬಂದದ್ದು ಕಂಡು, "ಯಾಕ್ರಿ ಮೇಡಂ, ನೀವು ಒಳಗಿರಲ್ವೇನ್ರಿ?" ಎಂದು ಎದ್ದು ನಿಂತರಂತೆ.

ಮೇಡಂ ಅದೇ ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತರಂತೆ. "ಒಳಗೆ ಡಾಕ್ಟರು ಅದಾರಲ್ರಿ" ಅಂದರಂತೆ.