ಡಬ್ಬಿಯಲ್ಲಿ ಉಳಿದ ಮೊಟ್ಟೆ

ಲೊಂಟಿಯಾ ಜೆರೆ ಲುವಾಂಗ್ವಾ ನದಿಯ ದಂಡೆಯ ಸಫಾರಿ ಶಿಬಿರದಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಚಿರತೆಯನ್ನು ನೋಡಿರಲಿಲ್ಲ. ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಏಕೆಂದರೆ ಸಮುದ್ರ ದಾಟಿ ಜನ ಅಲ್ಲಿಗೆ ಬರುತ್ತಿದ್ದುದೇ ಚಿರತೆ ನೋಡಲು. ಕಾರಣ ಮಾತ್ರ ಸರಳವಾಗಿತ್ತು. ಜೀಪುಗಳು ಕಾಡಿಗೆ ಹೊರಡುವುದು ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಆರಕ್ಕೆ ಒಲೆಯಲ್ಲಿ ಬ್ರೆಡ್ಡು ಇರುತ್ತಿತ್ತು, ಸಂಜೆ ನಾಲ್ಕಕ್ಕೆ ಮಾಂಸ. ಬಿಟ್ಟು ಹೋಗುವಂಥ ಹೊತ್ತು ಎರಡೂ ಅಲ್ಲ.

ಉಳಿದ ಪ್ರಾಣಿಗಳು ತಾವಾಗಿಯೇ ಅಡುಗೆಮನೆಗೆ ಬಂದು ಹೋಗುತ್ತಿದ್ದವು. ಹಿತ್ತಿಲ ಮಾವಿನಮರವನ್ನು ಪ್ರತಿವರ್ಷ ಆನೆಗಳೇ ಬೋಳಿಸುತ್ತಿದ್ದವು. ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಒಮ್ಮೆ ನೀರಾನೆ ಬಂದು ನಿಂತಿತ್ತು. ಲೊಂಟಿಯಾ ತಪ್ಪಲೆಗೆ ಸೌಟು ಬಡಿದು ಗದರಿಸಿದ ಮೇಲೆ ಅದು ಅವಮಾನವಾದಂತೆ ಮುಖ ತಿರುಗಿಸಿಕೊಂಡು ನದಿಗಿಳಿಯಿತು. ಚಿರತೆಯ ದನಿಯೊಂದು ಆಕೆಗೆ ಗೊತ್ತಿತ್ತು, ಒಣಮರವನ್ನು ಗರಗಸದಿಂದ ಕೊಯ್ದ ಹಾಗೆ. ಮುಖ ಗೊತ್ತಿರಲಿಲ್ಲ.

ಹಾಗಿದ್ದೂ ಕಾಡಿನಲ್ಲಿ ಆ ದಿನ ಏನು ಕಂಡಿತೆಂದು ಎಲ್ಲರಿಗಿಂತ ಮೊದಲು ತಿಳಿಯುತ್ತಿದ್ದುದು ಲೊಂಟಿಯಾಗೆ. ಇಡೀ ದಿನಕ್ಕೆ ಹೊರಡುವ ಗುಂಪುಗಳಿಗೆ ಆಕೆ ರಟ್ಟಿನ ಡಬ್ಬಿಗಳಲ್ಲಿ ಊಟ ಕಟ್ಟುತ್ತಿದ್ದಳು: ಕೋಳಿಯ ಕಾಲು, ಬ್ರೆಡ್ಡು, ಹುರಿದ ಶೇಂಗಾ, ಬಾಳೆಹಣ್ಣು, ಬೇಯಿಸಿದ ಒಂದು ಮೊಟ್ಟೆ. ಸಂಜೆ ಡಬ್ಬಿಗಳು ಮರಳಿದಾಗ ಒಂದೊಂದನ್ನೂ ಬಿಚ್ಚಿ ನೋಡುತ್ತಿದ್ದಳು. ಸಿಂಹ ಕಂಡಿದ್ದರೆ ಡಬ್ಬಿ ಪೂರ್ತಿ ಖಾಲಿ. ಸಿಂಹ ಮಲಗೇ ಇರುತ್ತದೆ, ನೋಡುವವರಿಗೆ ತಿನ್ನುವುದು ಬಿಟ್ಟು ಬೇರೆ ಕೆಲಸವಿರುವುದಿಲ್ಲ. ಆನೆಯ ಹಿಂಡು ಸಿಕ್ಕಿದ್ದರೆ ಬಾಳೆಹಣ್ಣು ಹಾಗೇ ಉಳಿಯುತ್ತಿತ್ತು, ಆನೆಗಳ ನಡುವೆ ಹಣ್ಣು ಸುಲಿಯಬೇಡಿ ಎಂದು ಮಾರ್ಗದರ್ಶಿ ತಡೆಯುತ್ತಿದ್ದ. ಏನೂ ಕಾಣದ ದಿನ ಬ್ರೆಡ್ಡಿನ ಅಂಚುಗಳು ಗುಳಿಗೆಯಂತೆ ಉಂಡೆಯಾಗಿರುತ್ತಿದ್ದವು. ಬೇಸರ ಬಂದ ಬೆರಳುಗಳ ಕೆಲಸ. ಇನ್ನು ಸಿಪ್ಪೆ ಸುಲಿದು, ಒಂದೇ ಒಂದು ಬಾರಿ ಕಚ್ಚಿ, ಮತ್ತೆ ಡಬ್ಬಿಗಿಟ್ಟ ಮೊಟ್ಟೆ ಸಿಕ್ಕಿದರೆ ಅದು ಚಿರತೆ. ಚಿರತೆ ಹೇಳಿ ಬರುವುದಿಲ್ಲ, ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಅದು ಹೋದ ಮೇಲೆ ಕೈಯಲ್ಲಿರುವ ಮೊಟ್ಟೆಯನ್ನು ಏನು ಮಾಡಬೇಕೆಂದು ಮನುಷ್ಯನಿಗೆ ತೋಚುವುದಿಲ್ಲ.

ಮಾರ್ಗದರ್ಶಿ ಕಪೆಂಬ್ವಾ ಈ ಡಬ್ಬಿ ಓದುವ ವಿದ್ಯೆಯಲ್ಲಿ ಹದಿನೈದು ವರ್ಷ ಆಕೆಯನ್ನು ಏಮಾರಿಸಲು ಪ್ರಯತ್ನಿಸಿ ಸೋತಿದ್ದ. ಅವನು ಬೆಂಬಾ, ಆಕೆ ಅಂಗೋನಿ. ಈ ಎರಡು ಜನಾಂಗಗಳ ಅಜ್ಜಂದಿರು ಒಬ್ಬರನ್ನೊಬ್ಬರು ಕೊಂದದ್ದು ಸಾಕೆಂದು ನಿಲ್ಲಿಸಿದ ಮೇಲೆ ಮೊಮ್ಮಕ್ಕಳಿಗೆ ಉಳಿದಿರುವುದು ಹಾಸ್ಯದ ನಂಟು: ಎಷ್ಟು ಬೇಕಾದರೂ ಬೈಯಬಹುದು, ಬೈಸಿಕೊಂಡವರು ಸಿಟ್ಟಾಗುವಂತಿಲ್ಲ.

"ಅಂಬುಯಾ," ಎನ್ನುತ್ತಿದ್ದ ಅವನು. ಅಜ್ಜಿ ಎಂದು ಗೌರವದಿಂದ ಕರೆದ ಮೇಲೆ ಅವನ ಬಾಯಿಗೆ ಲಂಗುಲಗಾಮು ಇರುತ್ತಿರಲಿಲ್ಲ. "ನಿಮ್ ಗಂಡಸ್ರು ಚಿರತೆ ಚರ್ಮ ಸುತ್ಕೊಂಡು ಕುಣೀತಾರೆ. ಆ ಚರ್ಮದೊಳಗೆ ಇದ್ದೋರು ಯಾರು ಅಂತ ನೀವು ಇನ್ನೂ ನೋಡ್ಲೇ ಇಲ್ವಲ್ಲ!"

"ಕೋತಿ ತಿನ್ನೋ ಬಾಯಲ್ಲಿ ಚಿರತೆ ಮಾತು ಯಾಕಪ್ಪಾ?"

"ಇಲಿ ಸುಟ್ಕೊಂಡು ತಿನ್ನೋರು ಕೇಳೋ ಮಾತಾ ಇದು?"

"ನಮ್ ಇಲಿ ಹೊಲದ್ದು, ಶುದ್ಧ. ನಿಮ್ ಕೋತಿ ನನ್ ಅಡುಗೆಮನೆಯಿಂದ ಕದ್ದು ತಿಂದು ಬೆಳೆದಿದ್ದು."

ಇದು ದಿನವೂ ನಡೆಯುತ್ತಿತ್ತು. ಆದರೆ ಕಪೆಂಬ್ವಾನಿಗೆ ತಿಳಿಯದ ಒಂದು ಸಂಗತಿ ಇತ್ತು. ಚಿಪಾಟಾ ಪಕ್ಕದ ತನ್ನ ಊರಿನಲ್ಲಿ ಲೊಂಟಿಯಾ ಚಿರತೆ ನೋಡಿದವಳೆಂದೇ ಪ್ರಸಿದ್ಧಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ರಜೆಯಲ್ಲಿ ಹೋದಾಗ ತಮ್ಮನ ಮಕ್ಕಳು "ಚಿರತೆ ನೋಡಿದ್ಯಾ?" ಎಂದು ಕೇಳಿದ್ದವು. ದೂರ ಪ್ರಯಾಣ ಮಾಡಿ ಬಂದ ದಣಿವಿನಲ್ಲಿ "ನೋಡ್ದೆ" ಎಂದುಬಿಟ್ಟಿದ್ದಳು. ಮಕ್ಕಳು ಅಲ್ಲಿಗೆ ಬಿಡುವವೇ? ಎಷ್ಟು ದೊಡ್ಡದು, ಎಲ್ಲಿತ್ತು, ಏನು ಮಾಡುತ್ತಿತ್ತು ಎಂದವು. ಊಟದ ಮೇಜಿನಲ್ಲಿ ಅತಿಥಿಗಳು ಹೇಳುತ್ತಿದ್ದುದನ್ನೆಲ್ಲ ಆಕೆ ಒಪ್ಪಿಸಿದಳು. ವರ್ಷ ವರ್ಷವೂ ಆ ಚಿರತೆ ಬೆಳೆಯಿತು. ಕೊನೆಗೆ ಅದು ಬಾಯಲ್ಲಿ ಜಿಂಕೆ ಕಚ್ಚಿಕೊಂಡು ಮರದ ಮೇಲೆ ಕುಳಿತು, ಹಸಿರು ಕಣ್ಣಿನಿಂದ ಲೊಂಟಿಯಾಳನ್ನೇ ದಿಟ್ಟಿಸುವ ಮಟ್ಟಕ್ಕೆ ಬಂತು. ಕೇಳಿದ ಮಕ್ಕಳಿಗೆ ಈಗ ಮಕ್ಕಳಾಗಿದ್ದವು. ಲೊಂಟಿಯಾ ಚರ್ಚಿನಲ್ಲಿ ಹೆಂಗಸರ ಸಂಘದ ಹಿರಿಯಳಾಗಿದ್ದಳು. ಬೇರೆ ಯಾವ ಸುಳ್ಳನ್ನೂ ಹೇಳಿದವಳಲ್ಲ.

ಆ ನವೆಂಬರಿನಲ್ಲಿ ಆಕೆಯ ಕೆಲಸ ಮುಗಿಯುತ್ತಿತ್ತು. ಮಳೆ ಶುರುವಾದರೆ ಶಿಬಿರ ಮುಚ್ಚುತ್ತದೆ. ಮುಂದಿನ ವರ್ಷ ತೆರೆದಾಗ ಒಲೆಯ ಮುಂದೆ ಆಕೆಯ ಕೈಕೆಳಗೆ ಕೆಲಸ ಕಲಿತ ಹುಡುಗಿ ದೈಲೆಸಿ ಇರುತ್ತಾಳೆ. ಲೊಂಟಿಯಾ ಊರಿಗೆ ಮರಳಿ ಆ ಮಕ್ಕಳ ನಡುವೆಯೇ ಉಳಿದ ಆಯುಸ್ಸು ಕಳೆಯಬೇಕು. ವರ್ಷಕ್ಕೊಮ್ಮೆ ಹೇಳುವ ಸುಳ್ಳು ಬೇರೆ, ದಿನವೂ ಜೊತೆಗಿಟ್ಟುಕೊಂಡು ಬಾಳುವ ಸುಳ್ಳು ಬೇರೆ. ಡಬ್ಬಿ ಓದುವುದನ್ನು ಕಲಿಸುವಾಗ ಈ ಮಾತನ್ನು ದೈಲೆಸಿಯ ಹತ್ತಿರ ಆಡಿದ್ದಳು.

ಕೊನೆಯ ಅತಿಥಿಗಳು ಹೋದ ಮೇಲೆ ಕೆಲಸದವರಿಗೆಂದು ಒಂದು ಬೆಳಿಗ್ಗೆ ಒಂದು ಜೀಪು ಬಿಡುವುದು ಅಲ್ಲಿನ ಪದ್ಧತಿ. ಅಂದಿನ ಔತಣಕ್ಕೆ ಅಡುಗೆ ಮಾಡಬೇಕೆಂದು ಲೊಂಟಿಯಾ ಒಂದು ವರ್ಷವೂ ಹೋಗಿರಲಿಲ್ಲ. ಈ ಸಲ ದೈಲೆಸಿ ಆಕೆಯ ಕೈಯಿಂದ ಸೌಟು ಕಿತ್ತುಕೊಂಡಳು.

"ಅಮಾಯಿ," ಎಂದಳು ತಾಯಿಯನ್ನು ಕರೆಯುವ ಹಾಗೆ. "ಇವತ್ತು ಒಲೆ ನಂದು. ನೀವು ಹೋಗ್ಬಿಟ್ಟು ನೋಡ್ಕೊಂಡ್ ಬನ್ನಿ."

"ನ್ಶಿಮಾ ಮುದ್ದೆ ಗಂಟು ಕಟ್ಟಿಸ್ಬೇಡ."

"ಕಟ್ಟಿಸಲ್ಲ. ಹೋಗಿ ಅಂದ್ನಲ್ಲ!"

ಲೊಂಟಿಯಾ ಭಾನುವಾರದ ನೀಲಿ ಬಟ್ಟೆ ಸುತ್ತಿಕೊಂಡು, ತಲೆಗೆ ವಸ್ತ್ರ ಕಟ್ಟಿ, ಜೀಪಿನ ಎಲ್ಲಕ್ಕಿಂತ ಎತ್ತರದ ಹಿಂದಿನ ಸಾಲಿನಲ್ಲಿ ಕುಳಿತಳು.

"ನೀಲಿಗೆ ಕಚ್ಚೋ ನೊಣ ಮುತ್ತುತ್ತೆ ಅಂಬುಯಾ," ಎಂದ ಕಪೆಂಬ್ವಾ.

"ಮುತ್ಲಿ. ಅವಕ್ಕಾದ್ರೂ ಒಳ್ಳೇ ಬಟ್ಟೆ ಯಾವ್ದು ಅಂತ ಗೊತ್ತಾಗುತ್ತೆ."

ಜೀಪಿನಲ್ಲಿ ಎಂಟು ಜನ. ಅತಿಥಿಗಳು ಕಾಡಿನಲ್ಲಿ ಪಿಸುಗುಟ್ಟುತ್ತಾರೆ. ಇವರು ಬಸ್ಸಿನಲ್ಲಿ ಸಂತೆಗೆ ಹೊರಟವರಂತೆ ಇದ್ದರು. ಯಾವ ಪ್ರಾಣಿ ಕಂಡರೂ ಮೊದಲ ಪ್ರಶ್ನೆ ಅದರ ಮಾಂಸ ಹೇಗಿರುತ್ತದೆ ಎಂಬುದು. ಬಟ್ಟೆ ಒಗೆಯುವ ಝಿಂಬಾ ಜೀಬ್ರಾಗಳ ಹಿಂಡನ್ನು ನೋಡಿ ಎದ್ದು ನಿಂತ.

"ಇವನ್ನ ಒಗೆದೋನ್ ಯಾರು ಮಾರಾಯ್ರೇ! ಕರಿ ಬಣ್ಣ ಬಿಳಿಗೆ ಒಂಚೂರೂ ಹತ್ತಿಲ್ಲ ನೋಡಿ."

"ಕೂತ್ಕೋ ಝಿಂಬಾ. ಬಾಯಿ ಮುಚ್ಕೋ," ಎಂದ ಕಪೆಂಬ್ವಾ. "ಅತಿಥಿಗಳು ಹಿಂಗೆಲ್ಲಾ ಕಿರುಚಲ್ಲ."

"ಅವ್ರು ದುಡ್ಡು ಕೊಟ್ಟು ಸುಮ್ನಿರ್ತಾರೆ. ನಾವು ಪುಕ್ಕಟೆ ಬಂದೋರು, ಮಾತಾಡ್ತೀವಿ."

ಲೊಂಟಿಯಾ ಮಾತ್ರ ಒಂದೊಂದು ಮರದ ಕೊಂಬೆಯನ್ನೂ ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ನೋಡುತ್ತ ಹೋದಳು.

ಎಂಟರ ಹೊತ್ತಿಗೆ ಹಳೆಯ ನದಿಪಾತ್ರದ ಬಳಿ ಕಪೆಂಬ್ವಾ ಕಾಫಿಗೆ ಜೀಪು ನಿಲ್ಲಿಸಿದ. ಕೆಲಸ ಕೆಟ್ಟದ್ದು ಅಲ್ಲೇ. ಅತಿಥಿಗಳಿದ್ದರೆ ಅವರು ಕೂರುತ್ತಾರೆ, ಇವರು ಬಡಿಸುತ್ತಾರೆ. ಈಗ ಎಂಟೂ ಜನ ಬಡಿಸಲು ಎದ್ದರು. ಒಬ್ಬ ಮೇಜು ಬಿಡಿಸಿದ, ಒಬ್ಬಳು ಬಟ್ಟೆ ಹಾಸಿದಳು, ಬಡಿಸುವ ಕೆಲಸದ ಕಮಂಗಾ ಎಂಟು ಲೋಟಗಳ ಹಿಡಿಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿಟ್ಟ. ಕುಡಿಯಲು ಕೂತವರು ಒಬ್ಬರೂ ಇಲ್ಲ. ಒಬ್ಬರಿಗೊಬ್ಬರು ಸಕ್ಕರೆ ಹಾಕಿಕೊಡುತ್ತ ನಿಂತಿದ್ದಾಗ ಆಚೆಯ ಕರಿಮರದ ತೋಪಿನಿಂದ ಪುಕು ಜಿಂಕೆಗಳ ಎಚ್ಚರಿಕೆಯ ಸಿಳ್ಳೆ ಕೇಳಿತು. ಒಂದು, ಆಮೇಲೆ ನಾಲ್ಕಾರು.

ಕಪೆಂಬ್ವಾ ಕಾಫಿ ಚೆಲ್ಲಿದ. "ಹತ್ತಿ! ಎಲ್ರೂ ಹತ್ತಿ! ಚಿರತೆ ಇದೆ ಅಲ್ಲಿ."

ಲೊಂಟಿಯಾ ಹತ್ತಿಯಾಗಿತ್ತು. ಉಳಿದವರು ಹತ್ತಲಿಲ್ಲ. ಕಮಂಗಾ ಲೋಟ ಒರೆಸುತ್ತಿದ್ದ.

"ಹಂಗೇ ಎಸಿಯೋ ಅದನ್ನ!"

"ಎಂಜಲು ಲೋಟ ಹಂಗೇ ಹೆಂಗ್ ಇಡ್ಲಿ ಅಣ್ಣಾ? ಒಂದ್ನಿಮಿಷ."

ಮೇಜುಬಟ್ಟೆಯನ್ನು ಇಬ್ಬರು ಅಂಚಿಗೆ ಅಂಚು ಕೂಡಿಸಿ ಮಡಿಸಿದರು. ಬಿದ್ದ ಬ್ರೆಡ್ಡಿನ ಚೂರನ್ನು ಝಿಂಬಾ ಹೆಕ್ಕಿದ. ಇಷ್ಟು ವರ್ಷ ಕಲಿತ ಕೈಗಳು. ಗಲೀಜು ಬಿಟ್ಟು ಏಳುವುದು ಅವಕ್ಕೆ ಗೊತ್ತಿರಲಿಲ್ಲ. ಮೇಲೆ ಕುಳಿತ ಲೊಂಟಿಯಾಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಲೋಟ ಒರೆಸದೆ ಇಡಬಾರದೆಂದು ಕಮಂಗಾನ ಕಿವಿ ಹಿಂಡಿ ಕಲಿಸಿದವಳು ಆಕೆಯೇ.

ತೋಪಿಗೆ ಹೋಗುವಷ್ಟರಲ್ಲಿ ಜಿಂಕೆಗಳು ಮೇಯುತ್ತಿದ್ದವು. ದೊಡ್ಡ ಮರವೊಂದರ ತೊಗಟೆಯ ಮೇಲೆ ಹಸಿ ಉಗುರುಗೆರೆಗಳಿದ್ದವು. ಕಪೆಂಬ್ವಾ ಎರಡು ಸುತ್ತು ಹಾಕಿದ, ನೆಲ ನೋಡಿದ, ಮೂರನೆಯ ಸುತ್ತು ಹಾಕಿದ. ಆಮೇಲೆ ಎಂಜಿನ್ ನಿಲ್ಲಿಸಿದ. ಹಾಸ್ಯ ಮಾಡಲಿಲ್ಲ. ಆಗಲೇ ಲೊಂಟಿಯಾಗೆ ಖಾತ್ರಿಯಾದದ್ದು, ಇನ್ನು ಚಿರತೆ ಇಲ್ಲವೆಂದು.

"ಏನಾದ್ರೂ ಅನ್ನೋ ಕೋತಿತಿನ್ನಾ," ಎಂದಳು.

"ಏನನ್ಲಿ ಅಂಬುಯಾ."

"ಹಂಗಾದ್ರೆ ಊಟ ಮಾಡಿ. ಹುಡುಗಿ ಕಷ್ಟಪಟ್ಟು ಕಟ್ಟಿದಾಳೆ."

ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಅಗಲ ಕೊಂಬೆಗಳ ಮರವೊಂದರ ಕೆಳಗೆ ಜೀಪಿನಲ್ಲೇ ಕುಳಿತು ಎಲ್ಲರೂ ದೈಲೆಸಿಯ ಡಬ್ಬಿಗಳನ್ನು ತೆರೆದರು. ತಪ್ಪು ಮಾಡಿದವರಂತೆ ತಲೆ ತಗ್ಗಿಸಿಯೇ ತಿಂದರು. ಲೊಂಟಿಯಾ ಮೊಟ್ಟೆ ಸುಲಿದಳು; ಸಿಪ್ಪೆ ಸಲೀಸಾಗಿ ಬಂತು, ಹುಡುಗಿ ಸರಿಯಾಗಿಯೇ ಬೇಯಿಸಿದ್ದಾಳೆ ಅಂದುಕೊಂಡು ಒಂದು ಸಲ ಕಚ್ಚಿದಳು. ಮರಗಳ ಕಡೆ ಇನ್ನು ನೋಡಲಿಲ್ಲ. ಹಳೆಯ ರೂಢಿಯಂತೆ ಯಾರು ಏನು ತಿನ್ನುತ್ತಿದ್ದಾರೆಂದು ನೋಡಿದಳು. ಕಮಂಗಾ ಶೇಂಗಾ ತಿನ್ನುತ್ತಿದ್ದ. ಝಿಂಬಾ ಕೋಳಿಯ ಕಾಲನ್ನು ಬಾಯಿಗೆ ಒಯ್ಯುತ್ತಿದ್ದ.

ಆ ಕೈ ಅರ್ಧಕ್ಕೆ ನಿಂತಿತು.

ಝಿಂಬಾ ಕೋಳಿಯ ಕಾಲನ್ನು ಅರ್ಧದಲ್ಲಿ ನಿಲ್ಲಿಸಿದ್ದನ್ನು ಆಕೆ ಎಂದೂ ಕಂಡಿರಲಿಲ್ಲ. ಅವನ ಕಣ್ಣು ಹೋದ ಕಡೆ ಕತ್ತು ತಿರುಗಿಸಿದಳು.

ಚಿರತೆ ದಾರಿ ದಾಟುತ್ತಿತ್ತು, ಜೀಪಿನಿಂದ ಹತ್ತು ಮಾರು ದೂರದಲ್ಲಿ. ಹೆಣ್ಣು, ಅಂದುಕೊಂಡದ್ದಕ್ಕಿಂತ ಚಿಕ್ಕದು. ಒಂದು ಕಿವಿಯ ತುದಿ ಹರಿದಿತ್ತು. ಬಾಯಲ್ಲಿ ಜಿಂಕೆ ಇರಲಿಲ್ಲ, ಮರದ ಮೇಲೂ ಇರಲಿಲ್ಲ. ಮನೆಯಲ್ಲಿ ಏನನ್ನೋ ಮರೆತು ಬಂದ ಹೆಂಗಸಿನಂತೆ ತನ್ನ ಯೋಚನೆಯಲ್ಲಿ ತಾನು ನಡೆಯುತ್ತಿತ್ತು. ಎಂಟು ಜನರನ್ನೂ ಲೊಂಟಿಯಾಳ ನೀಲಿ ಬಟ್ಟೆಯನ್ನೂ ಅದು ತಿರುಗಿ ನೋಡಲಿಲ್ಲ. ಬಾಲದ ತುದಿಯ ಬಿಳುಪು ಹುಲ್ಲಿನ ಮೇಲೆ ಸ್ವಲ್ಪ ದೂರ ಹೋಯಿತು, ಆಮೇಲೆ ಹುಲ್ಲಷ್ಟೇ ಉಳಿಯಿತು.

ಕಪೆಂಬ್ವಾ ಹಿಂದಕ್ಕೆ ತಿರುಗಿ ನೋಡಿದ. "ಅಂಬುಯಾ, ನಿಮ್ ಅಂಗೋನಿ ಚರ್ಮ ತಾನಾಗೇ ನಡ್ಕೊಂಡು ಹೋಯ್ತು ನೋಡಿ."

"ನಡೀಲಿ. ಅದರ ಮೈಮೇಲೇ ಚೆನ್ನಾಗಿದೆ," ಎಂದಳು ಲೊಂಟಿಯಾ.

ಶಿಬಿರಕ್ಕೆ ಮರಳಿದಾಗ ದೈಲೆಸಿ ಅಡುಗೆಮನೆಯ ಬಾಗಿಲಲ್ಲೇ ಕೈಯೊಡ್ಡಿ ಡಬ್ಬಿಗಳನ್ನು ಇಸಿದುಕೊಂಡಳು.

"ಏನೂ ಹೇಳ್ಬೇಡಿ ಅಮಾಯಿ, ನಾನೇ ಓದ್ತೀನಿ."

ಝಿಂಬಾನ ಡಬ್ಬಿ ಖಾಲಿ. ಅದನ್ನು ಪಕ್ಕಕ್ಕಿಟ್ಟಳು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಲೊಂಟಿಯಾಳ ಡಬ್ಬಿ ಬಿಚ್ಚಿದಳು. ಮೂಲೆಯಲ್ಲಿ ಮೊಟ್ಟೆ ಇತ್ತು, ಒಂದೇ ಒಂದು ಕಚ್ಚಿದ ಗುರುತಿನೊಂದಿಗೆ. ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನ್ಶಿಮಾ ತಳ ಹಿಡೀತಿದೆ, ವಾಸನೆ ಬರ್ತಿಲ್ವಾ?" ಎಂದಳು ಲೊಂಟಿಯಾ.

ಡಿಸೆಂಬರಿನಲ್ಲಿ ಊರಿನ ಮಕ್ಕಳು ಆಕೆಯ ಸುತ್ತ ಕುಳಿತು ಚಿರತೆಯ ಕತೆ ಕೇಳಿದವು. ಆಕೆ ಕಚ್ಚಿಟ್ಟ ಮೊಟ್ಟೆಯನ್ನೂ ಬಿಡದೆ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಮಕ್ಕಳಿಗೆ ಅಷ್ಟೇನೂ ಹಿಡಿಸಲಿಲ್ಲ.

"ಅಂಬುಯಾ, ಅದು ಮರದ ಮೇಲಿತ್ತು ಅಂತ ಅಪ್ಪ ಹೇಳಿದ್ರು. ಬಾಯಲ್ಲಿ ಜಿಂಕೆ ಇತ್ತಂತೆ."

"ಅದು ಬೇರೆಯೋರು ನೋಡಿದ್ದು. ನಾನು ನೋಡಿದ್ದು ಅಂತ ನಿಮ್ಮಪ್ಪನಿಗೆ ಸುಳ್ಳು ಹೇಳಿದ್ದೆ. ನಾನು ನೋಡಿದ್ದು ಇದು."

ಅತ್ಯಂತ ಚಿಕ್ಕವಳು ಕೇಳಿದಳು: "ಹಂಗಾದ್ರೆ ಮೊಟ್ಟೆ ಯಾರ್ ತಿಂದ್ರು?"

"ದೈಲೆಸಿ ತಿಂದ್ಳು. ಎಂಜಲು ಅಂದ್ರೂ ಕೇಳ್ಲಿಲ್ಲ."

ಉಪ್ಪು ಹಾಕಿಕೊಂಡಳೇ ಇಲ್ಲವೇ ಎಂದು ಮಕ್ಕಳು ಕೇಳಿದವು. ಹಾಕಿಕೊಂಡಳು ಎಂದಳು ಲೊಂಟಿಯಾ. ಆಮೇಲೆ ಯಾರೂ ಅನುಮಾನ ಪಡಲಿಲ್ಲ.