ಇಳಕಲ್ಲಿನ ತಗಡಿನ ಮೇಲೆ ಬಿದ್ದ ಕ್ಷುದ್ರಗ್ರಹ

ಮೂರು ವರ್ಷಗಳ ಹಿಂದೆ ನಾನು ಬಾಗಲಕೋಟೆಯಲ್ಲಿ ಗಣಿ ಇಲಾಖೆಯ ಭೂವಿಜ್ಞಾನಿಯಾಗಿದ್ದೆ. ಕಲ್ಲುಗಣಿಗಳ ಸುರಕ್ಷತೆ ನೋಡುವುದು ನನ್ನ ಕೆಲಸ, ಇಲ್ಲದ ಅಪಾಯ ನೆನೆದು ನಿದ್ದೆಗೆಡುವುದು ನನ್ನ ಸ್ವಭಾವ. ಸಂಬಳ ಮಾತ್ರ ಮೊದಲನೆಯದಕ್ಕೆ.

ಆ ಬೇಸಿಗೆಯಲ್ಲಿ ಒಂದು ಸಣ್ಣ ಕ್ಷುದ್ರಗ್ರಹ ಭೂಮಿಯ ಸಮೀಪ ಹಾದುಹೋಗುವುದಿತ್ತು. ಟಿವಿಯವರು ಅದಕ್ಕೆ ಬೆಂಕಿ ಹಚ್ಚಿ, ಸೈರನ್ ಸದ್ದು ಸೇರಿಸಿ, ದಿನವಿಡೀ ನಮ್ಮ ತಲೆಯ ಮೇಲೆ ಬೀಳಿಸುತ್ತಿದ್ದರು. ಆಕಾಶದ್ದಾದರೂ ಅದು ಕಲ್ಲೇ ಎಂದು ನೆಂಟರೆಲ್ಲ ನನಗೇ ಫೋನ್ ಮಾಡಿದರು. ನಾನೂ ಹೆದರಿಯೇ ಓದಿಕೊಂಡೆ. ಎರಡಂತಸ್ತಿನ ಮನೆಯಷ್ಟು ಗಾತ್ರದ ಆ ಕಲ್ಲು ನಮ್ಮಂತೆಯೇ ಸೂರ್ಯನನ್ನು ಸುತ್ತುತ್ತದೆ. ಅದರ ಕಕ್ಷೆ, ಅಂದರೆ ಸುತ್ತುವ ದಾರಿ, ಮೊಟ್ಟೆಯಂತೆ ಉದ್ದ. ಒಂದು ಕಡೆ ಭೂಮಿಯ ದಾರಿಯನ್ನು ಓರೆಯಾಗಿ ದಾಟುತ್ತದೆ. ಅಮೀನಗಡದ ಕ್ರಾಸಿಗೆ ನಾವು ಓಡಿ ಬರುವಷ್ಟರಲ್ಲಿ ಬಸ್ಸು ಹೋಗಿರುವುದಿಲ್ಲವೇ, ಹಾಗೆ ಭೂಮಿ ಅಲ್ಲಿಗೆ ತಲುಪುವ ಮೊದಲೇ ಅದು ದಾಟಿರುತ್ತದೆ. ನಮಗೂ ಅದಕ್ಕೂ ಮಧ್ಯೆ ಚಂದ್ರನಿಗಿಂತ ಹೆಚ್ಚಿನ ದೂರ. ಇಷ್ಟೆಲ್ಲ ವಿವರಿಸಿದ ಮೇಲೆ ಹೆಂಡತಿ ಕೇಳಿದಳು: “ಹಂಗಾರ ನೀವ್ಯಾಕ ಬಿ.ಪಿ. ಗುಳಿಗಿ ಎರಡ ನುಂಗಿದ್ರಿ?”

ಮರುದಿನ, ಆ ಕಲ್ಲು ಹಾದುಹೋಗುವ ದಿನ, ನಾನು ಹುನಗುಂದದಲ್ಲಿದ್ದೆ. ಮಧ್ಯಾಹ್ನ ಪೊಲೀಸರ ಫೋನ್ ಬಂತು: ಇಳಕಲ್ಲಿನ ಹೊರಗೆ, ಗಣಿಯ ಪಕ್ಕದ ನೇಕಾರರ ಕೇರಿಯಲ್ಲಿ ಮನೆಯೊಂದರ ತಗಡಿನ ಸೂರು ಒಡೆದು ಕಲ್ಲು ಬಿದ್ದಿದೆ, ಜನ ರೊಚ್ಚಿಗೆದ್ದಿದ್ದಾರೆ, ನಾವೂ ಹೊರಟಿದ್ದೇವೆ. ನಾನೇ ಮೊದಲು ತಲುಪಿದೆ. ಮಗ್ಗದಲ್ಲಿ ನೂಲು ರಕ್ತಕ್ಕೆ ಅಂಟಿಕೊಂಡಿತ್ತು. ಗಂಗವ್ವ ಎಂಬ ಹೆಣ್ಣುಮಗಳ ಬಲಗೈ ಜಜ್ಜಿಹೋಗಿತ್ತು, ಆಗಲೇ ಆಕೆಯನ್ನು ದವಾಖಾನೆಗೆ ಒಯ್ದಿದ್ದರು.

ಮನೆಯೆದುರೇ, ಗಣಿಯ ಅಂಚಿನಲ್ಲಿ, ಬಂಡೆಗೆ ಮದ್ದು ಹಾರಿಸುವ ದುರ್ಗಪ್ಪನನ್ನು ಕಂಪ್ರೆಸರ್ ಯಂತ್ರಕ್ಕೆ ಹಗ್ಗದಿಂದ ಕಟ್ಟಿದ್ದರು. ತುಟಿ ಸೀಳಿತ್ತು, ಒಂದು ಕಣ್ಣು ಕಾಣದಷ್ಟು ಬಾತಿತ್ತು. ಎದುರಿಗೆ ಗಂಗವ್ವನ ಗಂಡ ಸಂಗಪ್ಪ, ಕೈಯಲ್ಲಿ ಬಂಡೆ ಮೀಟುವ ಕಬ್ಬಿಣದ ಹಾರೆ.

“ಸಾಹೇಬ್ರ, ಒಂದ ಮಾತ ಹೇಳ್ರಿ. ಮ್ಯಾಲಿಂದ ಬಿತ್ತೋ, ಖಣಿಯಿಂದ ಬಂತೋ? ಖಣಿದಾದ್ರ ಈ ಮಗನ ತಲಿ ಒಡೀತೇನಿ.”

ಕಲ್ಲು ನೋಡಿದೆ. ನಮ್ಮ ಕೆಂಪು ಗ್ರಾನೈಟ್. ಒಂದು ಬದಿಯಲ್ಲಿ ಮದ್ದು ತುಂಬಲು ಡ್ರಿಲ್ ಕೊರೆದ ತೂತಿನ ಅರ್ಧ ಭಾಗ, ಸೀಳಿದ ಕೊಳವೆಯಂತೆ. ಗಣಿಯ ಮ್ಯಾನೇಜರ್ ಕಿವಿಯ ಹತ್ತಿರ ಬಂದ. “ಆಕಾಶದ್ದು ಅಂದ್ಬಿಡ್ರಿ ಸರ. ಟಿವ್ಯಾಗ ಹೇಳ್ಯಾರ, ನಂಬ್ತಾರ. ಒಂದ ಜೀವಾ ಉಳೀತೈತಿ.”

ಸುಳ್ಳು ಹೇಳಿದರೆ ಜೀವ ನಿಜಕ್ಕೂ ಉಳಿಯುತ್ತಿತ್ತು, ಅದೇ ತೊಂದರೆ. ಆದರೆ ಕಲ್ಲು ಹಾರದಂತೆ ಸ್ಫೋಟದ ಜಾಗಕ್ಕೆ ಹೊದಿಸಬೇಕಾದ ಹಳೆಯ ಟಾಯರ್‌ಗಳ ಹೊದಿಕೆ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಇವತ್ತು ತಪ್ಪನ್ನು ಆಕಾಶದ ಮೇಲೆ ಹಾಕಿದರೆ ನಾಳೆ ಇನ್ನೊಂದು ಕಲ್ಲು ಹಾರುತ್ತದೆ.

“ಖಣಿದು,” ಎಂದೆ.

ಹಾರೆ ದುರ್ಗಪ್ಪನ ಹೆಗಲ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಇನ್ನೊಬ್ಬ ಬಾತ ಕಣ್ಣಿಗೇ ಒದ್ದ. ನಾನು ನಡುವೆ ನುಗ್ಗಿದೆ. ಯಾರೋ ನನ್ನ ಹೆಲ್ಮೆಟ್‌ಗೆ ಹೊಡೆದರು, ಅದು ಜಾರಿ ಮೂಗಿನವರೆಗೆ ಇಳಿಯಿತು. ನನ್ನ ಶೌರ್ಯ ಅಲ್ಲಿಗೆ ಮುಗಿಯಿತು. ಏನೂ ಕಾಣದೆ, ತಪಾಸಣೆಯಲ್ಲಿ ದಿನವೂ ಕೇಳುವ ಪ್ರಶ್ನೆಯನ್ನೇ ಕಿರುಚಿದೆ:

“ಸೈರನ್ ಆಗಿತ್ತೋ ಇಲ್ಲೋ?”

“ಆಗಿತ್ತು!” ಸಂಗಪ್ಪ ಗರ್ಜಿಸಿದ.

“ಮತ್ತ ಅಕಿ ಮನ್ಯಾಗ ಯಾಕಿದ್ಲು?”

ಮದ್ದು ಹಾರಿಸುವ ಮೊದಲು ಗಣಿಯವರು ಊದುವ ಸೈರನ್ ಕೇಳಿದರೆ ಆ ಕೇರಿಯವರು ಮಗ್ಗ ಬಿಟ್ಟು, ತಗಡಿನ ಕೆಳಗಿಂದ ಹೊರಬಂದು, ಗಣಿಯವರು ಬಿಸಾಕಿದ ದೊಡ್ಡ ಬಂಡೆಗಳ ಮರೆಗೆ ಕೂರುವುದು ಹಿಂದಿನಿಂದ ಬಂದ ರೂಢಿ. ಹೆಲ್ಮೆಟ್ ಎತ್ತಿ ನೋಡಿದೆ. ಹಾರೆ ಗಾಳಿಯಲ್ಲೇ ನಿಂತಿತ್ತು. ಮಾತಾಡಿದ್ದು ಸಂಗಪ್ಪನ ತಾಯಿ:

“ಟಿವ್ಯಾಗೂ ಅದ ಸಪ್ಪಳಾರಿ ಯಪ್ಪಾ. ಆ ಚುಕ್ಕಿ ಬಿತ್ತಂತ ತಿಳದು ಎಲ್ಲಾರೂ ಒಳಗ ಹೊಕ್ಕಿವಿ. ಗಂಗವ್ವ ಬಂಡಿಗಲ್ಲಿನ ಮರಿಗೆ ಹೊಂಟಿದ್ಲು. ನನ್ನ ಮಗ ಇವನ ಹೋಗಿ ಒಳಗ ಎಳಕೊಂಡ ಬಂದ.”

ಸಂಗಪ್ಪ ಹಾರೆಯನ್ನು ನೋಡಿದ, ದುರ್ಗಪ್ಪನನ್ನು ನೋಡಿದ. ಮನೆಯೊಳಗೆ ಹೋದ. ಟಿವಿ ಒಡೆದ ಸದ್ದು ಬಂತು. ಒಡೆದ ಮೇಲೂ ಹೊಡೆತ ನಿಲ್ಲಲಿಲ್ಲ. ನಾಲ್ಕು ಜನ ಹಿಡಿದು ತಂದಾಗ ಹಾರೆ ಇರಲಿಲ್ಲ, ಅಂಗೈಗಳು ಗಾಜಿಗೆ ಹರಿದು ತೊಟ್ಟಿಕ್ಕುತ್ತಿದ್ದವು. ಹಗ್ಗ ಬಿಚ್ಚುವಾಗ ದುರ್ಗಪ್ಪ ಗೊಣಗಿದ: “ಟಾಯರ್ ಹೊಚ್ಚೂನು ಅಂದ್ನಿರಿ. ಮ್ಯಾನೇಜರ್ ಹೊತ್ತಾತು ಬ್ಯಾಡಂದ.” ಜನ ತಿರುಗಿದರು. ಮ್ಯಾನೇಜರ್ ಅಷ್ಟರಲ್ಲಿ ತನ್ನ ಕಕ್ಷೆ ಹಿಡಿದು ಹೋಗಿದ್ದ. ಸಂಜೆ ಪೊಲೀಸರಿಗೆ ಸಿಕ್ಕ.

ಇಬ್ಬರನ್ನೂ ಒಂದೇ ಜೀಪಿನಲ್ಲಿ ಹಾಕಿಕೊಂಡು ದವಾಖಾನೆಗೆ ಹೊರಟೆ. ದುರ್ಗಪ್ಪನ ತಲೆ ಸಂಗಪ್ಪನ ತೊಡೆಯ ಮೇಲಿತ್ತು. ಬೇರೆ ಜಾಗ ಇರಲಿಲ್ಲ. ದಾರಿಯುದ್ದಕ್ಕೂ ಸಂಗಪ್ಪನದು ಒಂದೇ ಮಾತು: “ಲೇ, ಸಾಯಬ್ಯಾಡಲೇ.” ದುರ್ಗಪ್ಪ ಒಮ್ಮೆ ಮಾತ್ರ ಬಾಯಿ ತೆರೆದ: “ಹೆಗಲ ಬಿಡಲೇ ಮೊದಲ.”

ದುರ್ಗಪ್ಪ ಬದುಕಿದ, ಒಂದು ಕಣ್ಣು ಹೋಯಿತು. ಗಂಗವ್ವನ ಕೈ ಉಳಿಯಲಿಲ್ಲ. ಗಣಿಗೆ ಬೀಗ ಬಿತ್ತು. ಆ ಕ್ಷುದ್ರಗ್ರಹ ಅಂದು ಬೆಳಿಗ್ಗೆಯೇ ತನ್ನ ದಾರಿಯಲ್ಲಿ, ನಮ್ಮ ಯಾರ ಗೊಡವೆಯೂ ಇಲ್ಲದೆ ದಾಟಿಹೋಗಿತ್ತು.

ಸೈರನ್ ಎಷ್ಟು ದೂರ ಕೇಳಿಸುತ್ತದೆ ಎಂದು ನಾನು ವರ್ಷಗಟ್ಟಲೆ ಅಳೆದಿದ್ದೆ. ಕೇಳಿದವರು ಎತ್ತ ಓಡುತ್ತಾರೆ ಎಂದು ನೋಡುವುದನ್ನು ಆ ದಿನ ಕಲಿಸಿತು. ಈಗ ತಪಾಸಣೆ ಎಂದರೆ ಗಣಿಗೆ ಇಳಿಯುವ ಮೊದಲು ಕೇರಿಯ ನಡುವೆ ಹೋಗಿ ನಿಲ್ಲುತ್ತೇನೆ, ಕೊನೆಯ ಮುದುಕಿ ತಗಡಿನ ಕೆಳಗಿಂದ ಹೊರಗೆ ಬರುವವರೆಗೆ ಮದ್ದಿಗೆ ಕೈ ಹಚ್ಚಲು ಬಿಡುವುದಿಲ್ಲ.